ಅಪ್‌ಗ್ರೇಡ್ ಆಯ್ತು, ಕನ್ನಡ ಹೋಯ್ತು: ಉಬುಂಟುವಿನಲ್ಲಿ ಕೀಬೋರ್ಡ್ ಸರಿಮಾಡುವ ಬಗೆ

ಭಾನುವಾರ ಬೆಳಿಗ್ಗೆ ಏಳಕ್ಕೇ ಚಿಕ್ಕಪ್ಪನ ಫೋನು. ತೀರ್ಥಹಳ್ಳಿ ಕಡೆಯವರು, ನಿವೃತ್ತ ಮೇಷ್ಟ್ರು. ಲ್ಯಾಪ್‌ಟಾಪ್‌ನಲ್ಲಿ ದಿನಾ ನಾಲ್ಕು ಪುಟ ಬರೆಯದಿದ್ದರೆ ಅವರಿಗೆ ಕಾಫಿ ಸೇರುವುದಿಲ್ಲ.

"ರಾತ್ರಿ ಅದೇನೋ ಹೊಸ ಉಬುಂಟು ಹಾಕ್ಲಾ ಅಂತ ಕೇಳ್ತು ಮಾರಾಯ. ಹೂಂ ಅಂದೆ. ಈಗ ನೋಡಿದ್ರೆ ಪಾಸ್‌ವರ್ಡೇ ತಗೊಳ್ತಿಲ್ಲ."

ಅರ್ಧ ಗಂಟೆ ಒದ್ದಾಡಿ ಒಳಗೆ ಹೋದೆವು. ಆಮೇಲೆ ಗೊತ್ತಾಯಿತು, ಕನ್ನಡವೂ ಇಲ್ಲ. ನಾನಿದ್ದದ್ದು ಬೆಂಗಳೂರಿನಲ್ಲಿ, ಲ್ಯಾಪ್‌ಟಾಪ್ ಇದ್ದದ್ದು ಅಲ್ಲಿ. ಎಲ್ಲವನ್ನೂ ಫೋನಿನಲ್ಲೇ ಹೇಳಿ ಮಾಡಿಸಿದೆ. ಈ ಬರಹವೂ ಅದೇ ಧಾಟಿಯಲ್ಲಿದೆ. ಟರ್ಮಿನಲ್‌ನಲ್ಲಿ (ಆದೇಶಗಳನ್ನು ಬರೆದು ಕೊಡುವ ಕಿಟಕಿ) ಹೊಡೆಯಬೇಕಾದದ್ದನ್ನೂ ಅವರಿಗೆ ಹೇಳಿದ ಹಾಗೆ ಉಚ್ಚಾರದಲ್ಲೇ ಕೊಟ್ಟಿದ್ದೇನೆ. ನೀವು ಅದನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.

ಇಲ್ಲಿ ಹೇಳುವುದು ಉಬುಂಟು 22.04ರಿಂದ 24.04ಕ್ಕೆ ಹೋದವರಿಗೆ, ಅದರಲ್ಲೂ ಗ್ನೋಮ್ ಡೆಸ್ಕ್‌ಟಾಪ್ (ಉಬುಂಟು ಜೊತೆ ಮಾಮೂಲಿಯಾಗಿ ಬರುವ ತೆರೆ) ಇರುವವರಿಗೆ. 24.04 ಬಂದದ್ದು 2024ರ ಏಪ್ರಿಲ್‌ನಲ್ಲಿ. ಆದರೆ 22.04 ಇಟ್ಟುಕೊಂಡವರಿಗೆ "ಅಪ್‌ಗ್ರೇಡ್ ಮಾಡ್ತೀರಾ" ಅನ್ನುವ ಪ್ರಶ್ನೆ ಬರುವುದು ಮೊದಲ ತಿದ್ದುಪಡಿ ಆವೃತ್ತಿ ಬಂದ ಮೇಲೆ. ಆ 24.04.1 ಬಂದದ್ದು 2024ರ ಆಗಸ್ಟ್ 29ಕ್ಕೆ.

ಎಲ್ಲಿ ಕೆಟ್ಟಿದೆ ಅಂತ ಮೊದಲು ನೋಡಿ

ಕನ್ನಡ ಬರದಿದ್ದರೆ ಜನ ಸಾಮಾನ್ಯವಾಗಿ ಮಾಡುವುದು ಒಂದೇ. ಸಿಕ್ಕ ಸಿಕ್ಕ ಆದೇಶಗಳನ್ನೆಲ್ಲ ಕಾಪಿ ಮಾಡಿ ಟರ್ಮಿನಲ್‌ಗೆ ಸುರಿಯುವುದು. ನಾನೂ ಹಾಗೆ ಮಾಡಿದ್ದೇನೆ. ಒಂದು ಸಲ ಹೀಗೆ ಸುರಿದು ಇದ್ದ ಇಂಗ್ಲಿಷನ್ನೂ ಕಳೆದುಕೊಂಡಿದ್ದೆ. ಅದಕ್ಕೇ ಹೇಳುವುದು, ಎಲ್ಲಿ ಕೆಟ್ಟಿದೆ ಅಂತ ತಿಳಿಯುವ ತನಕ ಏನನ್ನೂ ಅಳಿಸಬೇಡಿ.

ನೀವು ಒಂದು ಕೀಲಿ ಒತ್ತಿದರೆ ಅಕ್ಷರ ತೆರೆಗೆ ಬರುವ ಮುಂಚೆ ನಾಲ್ಕು ಕೈ ದಾಟುತ್ತದೆ. ಕೀಬೋರ್ಡ್ ಕಳಿಸುವುದು ಬರೀ ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಅಕ್ಷರ ಅಂತ ಹೇಳುವುದು ಎಕ್ಸ್‌ಕೆಬಿ ಅನ್ನುವ ಪಟ್ಟಿ. ಅಲ್ಲಿಂದ ಬಂದದ್ದನ್ನು ಐಬಸ್ ಅನ್ನುವ ಮಧ್ಯವರ್ತಿ ತೆಗೆದುಕೊಂಡು ಗುಣಿತ, ಒತ್ತಕ್ಷರ ಕೂಡಿಸುತ್ತದೆ. ಕೊನೆಗೆ ನೀವು ಬರೆಯುತ್ತಿರುವ ಆ್ಯಪ್ ಅದನ್ನು ಇಸಿದುಕೊಂಡು, ಫಾಂಟ್ ಹಾಕಿ ತೋರಿಸುತ್ತದೆ. ಅಪ್‌ಗ್ರೇಡ್ ಆದಾಗ ಈ ನಾಲ್ಕರಲ್ಲಿ ಯಾವುದಾದರೂ ಒಂದು ಕೈ ಕೊಡುತ್ತದೆ. ಕೆಲವು ಸಲ ಎರಡು. ಚಿಕ್ಕಪ್ಪನದ್ದು ಎರಡು.

ಅದಕ್ಕಿಂತ ಮೊದಲು ಒಂದು ಸುಲಭದ ಕೆಲಸ. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆಯುವುದಲ್ಲ, ರೀಸ್ಟಾರ್ಟ್. ಅಪ್‌ಗ್ರೇಡ್ ಆದ ಮೇಲೂ ಹಳೆಯ ಐಬಸ್ಸೇ ಓಡುತ್ತಿದ್ದು, ಅದರ ಕೆಳಗಿನ ಸಾಮಾನೆಲ್ಲ ಹೊಸದಾಗಿದ್ದರೆ ಜಗಳ ಗ್ಯಾರಂಟಿ. ಎಷ್ಟೋ ತೊಂದರೆ ಇಷ್ಟಕ್ಕೇ ಹೋಗುತ್ತದೆ.

ಹಂತ 1: ಪಾಸ್‌ವರ್ಡ್ ತಗೊಳ್ತಿಲ್ಲ ಅಂದರೆ

ಪಾಸ್‌ವರ್ಡ್ ಮರೆತಿಲ್ಲ, ಕ್ಯಾಪ್ಸ್ ಲಾಕ್ ಕೂಡ ಇಲ್ಲ, ಆದರೂ "ತಪ್ಪು" ಅನ್ನುತ್ತದೆ. ಆಗ ಪಾಸ್‌ವರ್ಡ್ ಪೆಟ್ಟಿಗೆಯ ಬಲತುದಿಯಲ್ಲಿರುವ ಕಣ್ಣಿನ ಗುರುತು ಒತ್ತಿ. ಅಕ್ಷರಗಳು ಕಾಣುತ್ತವೆ. ಈಗ ಶಿಫ್ಟ್ ಹಿಡಿದು 2 ಒತ್ತಿ.

@ ಬಂದರೆ ನಿಮ್ಮ ಕೀಬೋರ್ಡ್ ಅಮೆರಿಕದ ಇಂಗ್ಲಿಷ್‌ನಲ್ಲಿದೆ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳ ಕೀಲಿಗಳ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವುದೂ ಅದೇ. ಅದರ ಬದಲು " ಗುರುತು ಬಂದರೆ ಅದು ಬ್ರಿಟನ್ ಇಂಗ್ಲಿಷ್‌ಗೆ ತಿರುಗಿದೆ. ಇನ್ನೂ ಅನುಮಾನವಿದ್ದರೆ ಶಿಫ್ಟ್ 3 ಒತ್ತಿ ನೋಡಿ. # ಬದಲು ಪೌಂಡ್ ಗುರುತು ಬಂದರೆ ಖಾತ್ರಿ.

ಅಪ್‌ಗ್ರೇಡ್ ನಡುವೆ ಕೀಬೋರ್ಡ್ ಯಾವ ದೇಶದ್ದು ಅಂತ ಒಂದು ಪ್ರಶ್ನೆ ಬರುವುದುಂಟು. ಹೆಚ್ಚಿನವರು ಓದದೇ ಎಂಟರ್ ಒತ್ತುತ್ತಾರೆ. ಚಿಕ್ಕಪ್ಪನ ಪಾಸ್‌ವರ್ಡ್‌ನಲ್ಲಿ ಒಂದು @ ಇತ್ತು. ಅಷ್ಟೇ ಸಾಕಾಯಿತು.

ತಕ್ಷಣ ಒಳಗೆ ಹೋಗಲು ಒಂದು ಉಪಾಯ ಇದೆ. ಬ್ರಿಟನ್ ಲೇಔಟ್‌ನಲ್ಲಿ @ ಇರುವುದು ಎಂಟರ್‌ನ ಎಡಗಡೆ, ಅಪಾಸ್ಟ್ರಫಿ ಕೀಲಿಯ ಮೇಲೆ. ಶಿಫ್ಟ್ ಹಿಡಿದು ಅದನ್ನು ಒತ್ತಿ. ಕಣ್ಣಿನ ಗುರುತು ಒತ್ತಿಟ್ಟುಕೊಂಡೇ ಹೊಡೆಯಿರಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ.

ಒಳಗೆ ಹೋದ ಮೇಲೆ ಶಾಶ್ವತವಾಗಿ ಸರಿಮಾಡಬೇಕು. ಲಾಗಿನ್ ತೆರೆಯ ಕೀಬೋರ್ಡ್ ಬೇರೆ, ನಿಮ್ಮ ಖಾತೆಯ ಕೀಬೋರ್ಡ್ ಬೇರೆ. ಇದು ಹಲವರಿಗೆ ಗೊತ್ತಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ತಿದ್ದಿದರೂ ಲಾಗಿನ್ ತೆರೆ ಹಾಗೇ ಉಳಿಯಬಹುದು. ಅದಕ್ಕೆ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್ ತೆಗೆಯಿರಿ. ಹೀಗೆ ಹೊಡೆಯಿರಿ:

ಸುಡೊ (ಸ್ಪೇಸ್) ಡಿಪಿಕೆಜಿ-ರೀಕಾನ್ಫಿಗರ್ (ಸ್ಪೇಸ್) ಕೀಬೋರ್ಡ್-ಕಾನ್ಫಿಗರೇಷನ್

ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿ ಒಂದು ತಮಾಷೆ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆದರೆ ಚುಕ್ಕೆ ಕೂಡ ಕಾಣುವುದಿಲ್ಲ. "ಈಗ ಇಂಗ್ಲಿಷೂ ಹೋಯ್ತು ಮಾರಾಯ, ಏನೂ ಬರ್ತಿಲ್ಲ" ಅಂತ ಚಿಕ್ಕಪ್ಪ ಗಾಬರಿಯಾದರು. ಏನೂ ಹೋಗಿಲ್ಲ. ಸುಮ್ನೆ ಹೊಡೆದು ಎಂಟರ್ ಒತ್ತಿ. 24.04ರಲ್ಲಿ ಅದು ಹಾಗೇ ಇರುವುದು.

ಆಮೇಲೆ ನೀಲಿ ಅಥವಾ ನೇರಳೆ ಬಣ್ಣದ ಒಂದು ಪಟ್ಟಿ ಬರುತ್ತದೆ. ಮೌಸ್ ನಡೆಯುವುದಿಲ್ಲ, ಬಾಣದ ಕೀಲಿಗಳಿಂದಲೇ ಹೋಗಬೇಕು. ಮಾದರಿಗೆ ಜೆನೆರಿಕ್ 105 ಕೀ, ದೇಶಕ್ಕೆ ಇಂಗ್ಲಿಷ್ ಯುಎಸ್, ಮುಂದಿನದರಲ್ಲೂ ಇಂಗ್ಲಿಷ್ ಯುಎಸ್. ಉಳಿದದ್ದಕ್ಕೆ ಎಂಟರ್ ಒತ್ತುತ್ತಾ ಹೋಗಿ. ರೀಸ್ಟಾರ್ಟ್ ಮಾಡಿ.

ಹಂತ 2: ಐದು ಕೀಲಿ ಒತ್ತಿ, ರೋಗ ಹಿಡಿಯಿರಿ

ಈಗ ಕನ್ನಡಕ್ಕೆ ಬರೋಣ. ಕನ್ನಡದ ಪರೀಕ್ಷೆಗೆ ನಾನು ಒಂದೇ ಪದ ಇಟ್ಟುಕೊಂಡಿದ್ದೇನೆ. ಟೆಕ್ಸ್ಟ್ ಎಡಿಟರ್ ತೆಗೆದು, ಸೂಪರ್ ಕೀಲಿ (ವಿಂಡೋಸ್ ಗುರುತಿರುವುದು) ಹಿಡಿದು ಸ್ಪೇಸ್ ಒತ್ತಿ, ಭಾಷೆ ಬದಲಿಸಿ. ಆಮೇಲೆ ಇಂಗ್ಲಿಷ್ ಕೀಲಿಗಳಾದ ಕೆ, ಎನ್, ಎಫ್, ಎನ್, ಡಬ್ಲ್ಯೂ ಈ ಐದನ್ನು ಸಾಲಾಗಿ ಒತ್ತಿ.

"ಕನ್ನಡ" ಅಂತ ಬಂತಾ? ಹಾಗಾದರೆ ಕೆ.ಪಿ. ರಾವ್ ಅವರು ರೂಪಿಸಿದ ಲೇಔಟ್ ನಡೆಯುತ್ತಿದೆ. ನುಡಿ ತಂತ್ರಾಂಶ ಬಳಸಿದವರ ಬೆರಳಿಗೆ ರೂಢಿಯಾಗಿರುವುದು ಇದೇ. ಇದರಲ್ಲಿ ಎಫ್ ಒತ್ತಿದರೆ ಅರ್ಧಾಕ್ಷರ, ಡಬ್ಲ್ಯೂ ಒತ್ತಿದರೆ ಡ.

"ಕಲಿಲೈ" ಅಂತ ಬಂತಾ? ನಗಬೇಡಿ. ಅದು ಇನ್‌ಸ್ಕ್ರಿಪ್ಟ್. ಆ ಲೇಔಟ್‌ನಲ್ಲಿ ಎನ್ ಇರುವಲ್ಲಿ ಲ, ಎಫ್ ಇರುವಲ್ಲಿ ಗುಡಿಸು, ಡಬ್ಲ್ಯೂ ಇರುವಲ್ಲಿ ಐತ್ವ. ನಿಮ್ಮ ಕಂಪ್ಯೂಟರ್ ಕನ್ನಡ ಕಳೆದುಕೊಂಡಿಲ್ಲ, ಲೇಔಟ್ ಬದಲಾಗಿದೆ ಅಷ್ಟೇ. ಪಟ್ಟಿಯಲ್ಲಿ ಬರೀ "ಕನ್ನಡ" ಅಂತ ಇರುವುದನ್ನು ಆರಿಸಿಕೊಂಡವರಿಗೆ ಇದು ಸಿಗುತ್ತದೆ.

ಅರ್ಧಾಕ್ಷರಗಳು ಒಂದರ ಕೆಳಗೊಂದು ಗಂಟು ಹಾಕಿಕೊಂಡು ಬಂದರೆ ಅದು ಇಟ್ರಾನ್ಸ್, ಅಂದರೆ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯುವ ಬಗೆ. ಅದರಲ್ಲಿ ಪ್ರತಿ ವ್ಯಂಜನಕ್ಕೂ ಸ್ವರ ಸೇರಿಸಿ ಹೊಡೆಯಬೇಕು.

ಇಂಗ್ಲಿಷ್ ಅಕ್ಷರಗಳೇ ಬಂದರೆ ತೆರೆಯ ಮೇಲ್ತುದಿಯ ಬಲಗಡೆ ನೋಡಿ. ಅಲ್ಲಿ ಇಂಗ್ಲಿಷಿನ ಗುರುತೇ ಇದ್ದರೆ ಅಥವಾ ಯಾವ ಗುರುತೂ ಇಲ್ಲದಿದ್ದರೆ, ಪಟ್ಟಿಯಲ್ಲಿ ಕನ್ನಡವೇ ಇಲ್ಲ. ಹಂತ 3ಕ್ಕೆ ಹೋಗಿ. ಕನ್ನಡದ ಗುರುತು ಇದ್ದೂ ಇಂಗ್ಲಿಷ್ ಬರುತ್ತಿದ್ದರೆ ಐಬಸ್ ಮಲಗಿದೆ. ಹಂತ 4.

ಚೌಕಗಳು ಬಂದರೆ ಕೀಬೋರ್ಡ್ ತಪ್ಪಿಲ್ಲ, ಫಾಂಟ್ ಇಲ್ಲ. ಆ ಚೌಕಗಳನ್ನು ಕಾಪಿ ಮಾಡಿ ನಿಮಗೇ ಒಂದು ಮೇಲ್ ಕಳಿಸಿಕೊಂಡು ಮೊಬೈಲ್‌ನಲ್ಲಿ ತೆಗೆದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ಖಾತ್ರಿ. ಟರ್ಮಿನಲ್‌ನಲ್ಲಿ "ಸುಡೊ ಎಪಿಟಿ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ" ಅಂತ ಹೊಡೆದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಫಾಂಟ್ ಬರುತ್ತವೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫೈಲ್‌ಗಳನ್ನು ತೆಗೆದಾಗ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಂಡರೆ ಅದು ಬೇರೆ ಕಥೆ. ಅವು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಅವಕ್ಕೆ ಅವುಗಳದ್ದೇ ಫಾಂಟ್ ಬೇಕು, ಇಲ್ಲವೇ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಹಂತ 3: ಪಟ್ಟಿಗೆ ಕನ್ನಡ ಸೇರಿಸುವುದು

ಸೆಟ್ಟಿಂಗ್ಸ್ ತೆರೆದು ಕೀಬೋರ್ಡ್‌ಗೆ ಹೋಗಿ. ಮೇಲೆಯೇ ಇನ್‌ಪುಟ್ ಸೋರ್ಸಸ್ ಅಂತ ಇರುತ್ತದೆ. ಅಲ್ಲಿರುವ ಇಂಗ್ಲಿಷನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಕನ್ನಡ ಒಂದೇ ಉಳಿದರೆ ಆಮೇಲೆ ಟರ್ಮಿನಲ್‌ನಲ್ಲಿ ಒಂದು ಆದೇಶ ಹೊಡೆಯಲೂ ಪರದಾಡಬೇಕಾಗುತ್ತದೆ.

ಪ್ಲಸ್ ಗುರುತು ಒತ್ತಿ. ಕನ್ನಡ ಕಾಣದಿದ್ದರೆ ಕೆಳಗಿನ ಮೂರು ಚುಕ್ಕೆ ಒತ್ತಿ, ಹುಡುಕುವ ಜಾಗದಲ್ಲಿ ಕನ್ನಡ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಒಂದಲ್ಲ, ಹಲವು ಕನ್ನಡಗಳು ಬರುತ್ತವೆ. ಇಲ್ಲೇ ಜನ ಎಡವುವುದು.

ಈ ಕನ್ನಡಗಳಲ್ಲಿ ಎರಡು ಜಾತಿ. ಬರೀ "ಕನ್ನಡ" ಮತ್ತು "ಕನ್ನಡ, ಕಗಪ ಫೊನೆಟಿಕ್" ಇವು ಎಕ್ಸ್‌ಕೆಬಿಯವು. ಹೆಸರಿನ ಜೊತೆ ಎಂ17ಎನ್ ಅಂತ ಬಾಲ ಇರುವವು ಐಬಸ್‌ನವು. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಇನ್ನೊಂದು ಜಾತಿಯಲ್ಲಿ ಇದೇ ಲೇಔಟ್ "ಕೆಜಿಪಿ" ಅನ್ನುವ ಹೆಸರಿನಲ್ಲಿ ಇದೆ. ಎರಡೂ ಒಂದೇ ಅಂತ ಅನ್ನಿಸುತ್ತದೆ. ಐದು ಕೀಲಿಯ ಪರೀಕ್ಷೆಯಲ್ಲೂ ಎರಡೂ "ಕನ್ನಡ" ಅಂತಲೇ ಬರೆಯುತ್ತವೆ. ಆದರೆ "ಇಲ್ಲಿ" ಅಂತ ಬರೆಯಲು ಹೋಗಿ, ವ್ಯತ್ಯಾಸ ಗೊತ್ತಾಗುತ್ತದೆ.

ಐಬಸ್‌ನ ಕೆಜಿಪಿಗೆ ಬುದ್ಧಿ ಇದೆ. ಪದದ ಮೊದಲಿಗೆ ಐ ಕೀಲಿ ಒತ್ತಿದರೆ ಇ ಕೊಡುತ್ತದೆ, ವ್ಯಂಜನದ ಮೇಲೆ ಒತ್ತಿದರೆ ಗುಡಿಸು ಕೊಡುತ್ತದೆ. ಎಕ್ಸ್‌ಕೆಬಿ ಬರೀ ಪಟ್ಟಿ. ಹಿಂದೆ ಏನಿತ್ತು ಅಂತ ಅದು ನೋಡುವುದಿಲ್ಲ. ಪದದ ಮೊದಲಿಗೇ ಐ ಒತ್ತಿದರೂ ಗುಡಿಸನ್ನೇ ಕೊಡುತ್ತದೆ. ಅದು ಹಿಡಿದುಕೊಳ್ಳಲು ಅಕ್ಷರ ಸಿಗದೆ ಒಂದು ಚುಕ್ಕೆಯ ವೃತ್ತದ ಮೇಲೆ ಕೂತಿರುತ್ತದೆ. ಇ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಅಪ್‌ಗ್ರೇಡ್ ಆದ ಮೇಲೆ "ಸ್ವರಗಳು ಮಾತ್ರ ಕೆಟ್ಟಿವೆ" ಅಂತ ಯಾರಾದರೂ ಹೇಳಿದರೆ ಹೆಚ್ಚಿನ ಸಲ ಇದೇ ಆಗಿರುತ್ತದೆ. ಹಳೆಯ ಕೆಜಿಪಿ ಕಾಣಲಿಲ್ಲ ಅಂತ ಹತ್ತಿರದ ಹೆಸರಿನ ಕಗಪವನ್ನು ಸೇರಿಸಿಕೊಂಡಿರುತ್ತಾರೆ.

ನನ್ನ ಸಲಹೆ ಕೇಳಿದರೆ, ದಿನಾ ಬರೆಯುವವರು ಎಂ17ಎನ್ ಕೆಜಿಪಿಯನ್ನೇ ಹಾಕಿಕೊಳ್ಳಿ. ಜೊತೆಗೆ ಎಕ್ಸ್‌ಕೆಬಿಯ ಕಗಪವನ್ನೂ ಇಟ್ಟುಕೊಂಡಿರಿ. ಐಬಸ್ ಕೈಕೊಟ್ಟ ದಿನ ಅದು ಆಪದ್ಬಾಂಧವ. ಅದಕ್ಕೆ ಐಬಸ್‌ನ ಕನ್ನಡ ಎಂಜಿನ್ನಿನ ಹಂಗಿಲ್ಲ.

ಎಂ17ಎನ್ ಬಾಲದ ಹೆಸರುಗಳು ಪಟ್ಟಿಯಲ್ಲೇ ಇಲ್ಲವಾ? ಹಾಗಾದರೆ ಆ ಪ್ಯಾಕೇಜೇ ಹೋಗಿದೆ.

ಹಂತ 4: ಐಬಸ್‌ಗೆ ಜೀವ ಕೊಡುವುದು

ಅಪ್‌ಗ್ರೇಡ್ ಕೊನೆಗೆ "ಬೇಡದ ಪ್ಯಾಕೇಜ್‌ಗಳನ್ನು ತೆಗೆಯಲಾ" ಅಂತ ಒಂದು ಪ್ರಶ್ನೆ ಬರುತ್ತದೆ. ನಾವಾಗಿ ಹಾಕದೆ ಬೇರೊಂದರ ಜೊತೆ ಬಂದ ಪ್ಯಾಕೇಜ್‌ಗಳು ಆಗ ಹೋಗುವ ಸಾಧ್ಯತೆ ಇದೆ. ಇನ್ನೊಂದು ವಿಷಯ. ಹೊರಗಿನ ತಂತ್ರಾಂಶ ಭಂಡಾರಗಳಿಂದ ಸೇರಿಸಿಕೊಂಡದ್ದೆಲ್ಲವನ್ನೂ ಅಪ್‌ಗ್ರೇಡ್ ಮೊದಲೇ ನಿಲ್ಲಿಸಿಬಿಡುತ್ತದೆ. ನಿಮ್ಮ ಕನ್ನಡದ ಸಾಧನ ಅಲ್ಲಿಂದ ಬಂದದ್ದಾಗಿದ್ದರೆ, ಹೊಸ ಆವೃತ್ತಿಗೆ ಹೊಂದುವ ಭಂಡಾರವನ್ನು ನೀವೇ ಮತ್ತೆ ಸೇರಿಸಬೇಕು.

ಟರ್ಮಿನಲ್‌ನಲ್ಲಿ:

ಸುಡೊ (ಸ್ಪೇಸ್) ಎಪಿಟಿ (ಸ್ಪೇಸ್) ಇನ್‌ಸ್ಟಾಲ್ (ಸ್ಪೇಸ್) ಐಬಸ್-ಎಂ17ಎನ್

ಎಂ, ಒಂದು, ಏಳು, ಎನ್. ನಡುವೆ ಸ್ಪೇಸ್ ಇಲ್ಲ. ಐಬಸ್‌ಗೂ ಎಂಗೂ ನಡುವೆ ಇರುವುದು ಅಡ್ಡಗೆರೆ. ಫೋನಿನಲ್ಲಿ ಇದೊಂದನ್ನು ಹೇಳಿಕೊಡಲು ನನಗೆ ಐದು ನಿಮಿಷ ಹಿಡಿಯಿತು. ಮಲ್ಟಿಲಿಂಗ್ವಲೈಸೇಷನ್ ಅನ್ನುವ ಪದದ ಮೊದಲ ಮತ್ತು ಕೊನೆಯ ಅಕ್ಷರದ ನಡುವೆ ಹದಿನೇಳು ಅಕ್ಷರ ಇವೆ, ಅದಕ್ಕೇ ಆ ಹೆಸರು ಅಂದೆ. "ಅದನ್ನೇ ಪೂರ್ತಿ ಬರೆದಿದ್ರೆ ನಿಮಗೇನು ಕಷ್ಟ" ಅಂದರು.

ಬೀಗ ಸಿಗಲಿಲ್ಲ ಅನ್ನುವ ಅರ್ಥದ ದೋಷ ಬಂದರೆ ಹಿಂದೆ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ. ಕಾಫಿ ಕುಡಿದು ಬನ್ನಿ. ಅವಲಂಬನೆ ಸರಿಯಿಲ್ಲ, ಪ್ಯಾಕೇಜ್ ಮುರಿದಿದೆ ಅಂತೆಲ್ಲ ಬಂದರೆ ಅಪ್‌ಗ್ರೇಡ್ ಅರ್ಧಕ್ಕೇ ನಿಂತಿದೆ. ಮೊದಲು ಅದನ್ನು ಮುಗಿಸಿ. "ಸುಡೊ ಡಿಪಿಕೆಜಿ" ಅಂತ ಹೊಡೆದು, ಸ್ಪೇಸ್ ಬಿಟ್ಟು ಎರಡು ಅಡ್ಡಗೆರೆ ಕಾನ್ಫಿಗರ್, ಮತ್ತೆ ಸ್ಪೇಸ್ ಬಿಟ್ಟು ಒಂದು ಅಡ್ಡಗೆರೆ ಎ. ಅದಾದ ಮೇಲೆ "ಸುಡೊ ಎಪಿಟಿ", ಸ್ಪೇಸ್ ಬಿಟ್ಟು ಎರಡು ಅಡ್ಡಗೆರೆ ಫಿಕ್ಸ್ ಅಡ್ಡಗೆರೆ ಬ್ರೋಕನ್, ಸ್ಪೇಸ್ ಬಿಟ್ಟು ಇನ್‌ಸ್ಟಾಲ್. ಕೀಬೋರ್ಡ್ ಆಮೇಲೆ.

ಎಂ17ಎನ್ ಬಂದ ಮೇಲೆ ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗಿ. ಹಾಗೆ ಮಾಡದೇ ಸೆಟ್ಟಿಂಗ್ಸ್ ತೆರೆದರೆ ಹೊಸ ಹೆಸರುಗಳು ಕಾಣದೇ ಹೋಗಬಹುದು. ಈಗ ಹಂತ 3ರ ಹಾಗೆ ಕೆಜಿಪಿ ಸೇರಿಸಿ.

ಪಟ್ಟಿಯಲ್ಲಿ ಇದೆ, ಗುರುತೂ ಕಾಣುತ್ತಿದೆ, ಆದರೂ ಇಂಗ್ಲಿಷೇ ಬರುತ್ತಿದೆ ಅನ್ನುವವರು ಟರ್ಮಿನಲ್‌ನಲ್ಲಿ "ಐಬಸ್ ರೀಸ್ಟಾರ್ಟ್" ಅಂತ ಹೊಡೆಯಿರಿ. ಎದ್ದಿತೋ ಇಲ್ಲವೋ ನೋಡಲು, ಕನ್ನಡಕ್ಕೆ ಬದಲಿಸುವ ಮೊದಲೇ "ಸ್ಲೀಪ್ 5; ಐಬಸ್ ಎಂಜಿನ್" ಅಂತ ನಡುವೆ ಸೆಮಿಕೋಲನ್ ಸಮೇತ ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿ, ಐದು ಸೆಕೆಂಡಿನೊಳಗೆ ಸೂಪರ್ ಸ್ಪೇಸ್ ಒತ್ತಿ ಕನ್ನಡಕ್ಕೆ ಬನ್ನಿ. ಉತ್ತರ ಎಂ17ಎನ್, ಕೆಎನ್, ಕೆಜಿಪಿ ಅಂತ ನಡುವೆ ಎರಡು ಕೋಲನ್ ಸಮೇತ ಬಂದರೆ ಎಂಜಿನ್ ಎದ್ದಿದೆ. ಎಕ್ಸ್‌ಕೆಬಿ ಅಂತ ಶುರುವಾಗುವ ಉತ್ತರ ಬಂದರೆ ಎಂಜಿನ್ ಬದಲಾಗಲೇ ಇಲ್ಲ.

ಆಗ ಹಳೆಯ ಕ್ಯಾಶ್ ತೆಗೆಯಬೇಕು. ಯಾವ ಯಾವ ಎಂಜಿನ್ ಇವೆ ಅಂತ ಐಬಸ್ ಒಂದು ಪಟ್ಟಿ ಬರೆದಿಟ್ಟುಕೊಂಡಿರುತ್ತದೆ. ಫೈಲ್ಸ್ ತೆರೆದು ಹೋಮ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ. ಅಡಗಿದ್ದ ಫೋಲ್ಡರ್‌ಗಳು ಕಾಣುತ್ತವೆ. ಚುಕ್ಕೆಯಿಂದ ಶುರುವಾಗುವ ಕ್ಯಾಶ್ ಫೋಲ್ಡರ್ ಒಳಗೆ ಐಬಸ್ ಅನ್ನುವುದಿದ್ದರೆ ಅದನ್ನು ಅಳಿಸಿ. ಅದು ಮತ್ತೆ ತಾನೇ ಹುಟ್ಟುತ್ತದೆ, ಭಯ ಬೇಡ. ಲಾಗ್‌ಔಟ್, ಲಾಗಿನ್.

ಇಲ್ಲಿ ಒಂದು ಹೊಂಡ ಇದೆ, ನಾನೇ ಬಿದ್ದದ್ದು. ಐಬಸ್ ಪ್ರಿಫರೆನ್ಸಸ್ ಅಂತ ಬೇರೆಯೇ ಒಂದು ಕಿಟಕಿ ಇದೆ. ಅದರಲ್ಲೂ ಕನ್ನಡ ಸೇರಿಸುವ ಪಟ್ಟಿ ಇದೆ. ಅಲ್ಲಿ ಎಷ್ಟು ಸೇರಿಸಿದರೂ ಗ್ನೋಮ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗ್ನೋಮ್ ನೋಡುವುದು ಸೆಟ್ಟಿಂಗ್ಸ್‌ನ ಪಟ್ಟಿಯನ್ನು ಮಾತ್ರ. ಒಂದು ಮಧ್ಯಾಹ್ನವಿಡೀ ಆ ಕಿಟಕಿಯಲ್ಲಿ ಕನ್ನಡ ಸೇರಿಸುವುದು, ತೆಗೆಯುವುದು ಮಾಡಿದ್ದೆ. ಅದರಿಂದ ಆಗುವ ಉಪಯೋಗ ಒಂದಿದೆ. ಎಮೋಜಿ ಟ್ಯಾಬ್‌ನಲ್ಲಿ ಐಬಸ್ ಯಾವ ಶಾರ್ಟ್‌ಕಟ್ ಹಿಡಿದಿಟ್ಟುಕೊಂಡಿದೆ ಅಂತ ಕಾಣುತ್ತದೆ. ನಿಮ್ಮ ಆ್ಯಪ್‌ನ ಒಂದು ಶಾರ್ಟ್‌ಕಟ್ ಇದ್ದಕ್ಕಿದ್ದ ಹಾಗೆ ಸತ್ತಿದ್ದರೆ ಅಲ್ಲಿ ಒಮ್ಮೆ ಇಣುಕಿ.

ಹಂತ 5: ಹಳೆಯ ಪಾಪಗಳು

ವರ್ಷಗಳ ಹಿಂದೆ ಯಾವುದೋ ಸಲಹೆ ಓದಿ ಪ್ರೊಫೈಲ್ ಫೈಲ್‌ಗೆ (ಲಾಗಿನ್ ಆದಾಗ ಕಂಪ್ಯೂಟರ್ ಓದುವ ಸೆಟ್ಟಿಂಗ್‌ಗಳ ಫೈಲ್) ಎರಡು ಸಾಲು ಸೇರಿಸಿರುತ್ತೇವೆ. ಆಮೇಲೆ ಮರೆತಿರುತ್ತೇವೆ. ಕಂಪ್ಯೂಟರ್ ಮರೆತಿರುವುದಿಲ್ಲ. ಜಿಟಿಕೆ ಐಎಂ ಮಾಡ್ಯೂಲ್, ಕ್ಯೂಟಿ ಐಎಂ ಮಾಡ್ಯೂಲ್, ಎಕ್ಸ್‌ಮಾಡಿಫೈಯರ್ಸ್ ಈ ಮೂರು ಹೆಸರಿನ ಸಾಲುಗಳಿವೆಯಾ ನೋಡಿ. ಹುಡುಕಬೇಕಾದ ಜಾಗ ಮುಖ್ಯವಾಗಿ ಮೂರು: ಹೋಮ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಪ್ರೊಫೈಲ್, ಹಾಗೆಯೇ ಚುಕ್ಕೆಯ ಎಕ್ಸ್‌ಇನ್‌ಪುಟ್‌ಆರ್‌ಸಿ, ಮತ್ತು ಇಟಿಸಿ ಫೋಲ್ಡರ್‌ನ ಎನ್ವಿರಾನ್ಮೆಂಟ್ ಫೈಲ್.

ಅವುಗಳಲ್ಲಿ ಎಕ್ಸ್‌ಐಎಂ ಅಂತಲೋ, ಈಗ ನೀವು ಬಳಸದ ಎಫ್‌ಸಿಐಟಿಎಕ್ಸ್ ಅಂತಲೋ ಇದ್ದರೆ ಆ್ಯಪ್‌ಗಳು ಐಬಸ್ ಬಿಟ್ಟು ಬೇರೆ ಬಾಗಿಲು ತಟ್ಟುತ್ತಿವೆ ಅಂತ ಅರ್ಥ. ಸಾಲು ಅಳಿಸಬೇಡಿ, ಮುಂದೆ ಒಂದು # ಹಾಕಿ. ಎಕ್ಸ್‌ಇನ್‌ಪುಟ್‌ಆರ್‌ಸಿ ಆದರೆ ಫೈಲ್‌ನ ಹೆಸರು ಬದಲಿಸಿದರೂ ಸಾಕು.

ಫೈಲ್ ತಿದ್ದಲು ಹೆದರುವವರಿಗೆ ಒಂದು ಕಿಟಕಿ ಇದೆ. 24.04ರಲ್ಲಿ ಅದರ ಜಾಗ ಬದಲಾಗಿದೆ, ಹಾಗಾಗಿ ಹಳಬರಿಗೆ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ರೀಜನ್ ಆ್ಯಂಡ್ ಲ್ಯಾಂಗ್ವೇಜ್, ಅಲ್ಲಿ ಮ್ಯಾನೇಜ್ ಇನ್‌ಸ್ಟಾಲ್ಡ್ ಲ್ಯಾಂಗ್ವೇಜಸ್. ತೆರೆದ ಕಿಟಕಿಯ ಕೆಳಗೆ ಇನ್‌ಪುಟ್ ಮೆಥಡ್ ಸಿಸ್ಟಂ ಅಂತ ಇರುತ್ತದೆ. ಐಬಸ್ ಆರಿಸಿ, ರೀಸ್ಟಾರ್ಟ್ ಮಾಡಿ.

ಹಂತ 6: ಒಂದರಲ್ಲಿ ಬರುತ್ತೆ, ಇನ್ನೊಂದರಲ್ಲಿ ಬರಲ್ಲ

ಟೆಕ್ಸ್ಟ್ ಎಡಿಟರ್‌ನಲ್ಲಿ ಕನ್ನಡ ಬರುತ್ತದೆ, ಫೈರ್‌ಫಾಕ್ಸ್‌ನಲ್ಲಿ ಬರುವುದಿಲ್ಲ. ಆಗ ಕೀಬೋರ್ಡ್ ಸೆಟ್ಟಿಂಗ್ಸ್ ಮುಟ್ಟಲೇಬೇಡಿ. ಮೊದಲ ಮೂರು ಕೈ ಸರಿ ಇವೆ, ನಾಲ್ಕನೆಯದು ಕೆಟ್ಟಿದೆ.

ಉಬುಂಟುವಿನಲ್ಲಿ 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತದೆ. 24.04ರಲ್ಲಿ ಥಂಡರ್‌ಬರ್ಡ್ ಕೂಡ ಅದೇ ದಾರಿ ಹಿಡಿದಿದೆ. ಸ್ನ್ಯಾಪ್ ಅಂದರೆ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುವ ಆ್ಯಪ್. ಐಬಸ್ ಜೊತೆ ಮಾತಾಡುವ ಭಾಗವನ್ನೂ ಅದೇ ತಂದಿರುತ್ತದೆ. ನೀವು ಐಬಸ್ ರೀಸ್ಟಾರ್ಟ್ ಮಾಡಿದರೆ ಆಗಲೇ ತೆರೆದಿದ್ದ ಆ್ಯಪ್‌ಗೆ ಸಂಪರ್ಕ ತಪ್ಪಿಹೋಗಬಹುದು. ಎಲ್ಲ ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ. ಆಗಲೂ ಬಾರದಿದ್ದರೆ "ಸುಡೊ ಸ್ನ್ಯಾಪ್ ರಿಫ್ರೆಶ್" ಹೊಡೆದು ಹೊಸದಾಗಿಸಿಕೊಳ್ಳಿ.

ಲಿಬ್ರೆ ಆಫೀಸ್‌ನಲ್ಲಿ ಮಾತ್ರ ತೊಂದರೆಯಾದರೆ "ಲಿಬ್ರೆಆಫೀಸ್-ಜಿಟಿಕೆ3" ಅನ್ನುವ ಪ್ಯಾಕೇಜ್ ಇದೆಯಾ ನೋಡಿ. ಇಲ್ಲದಿದ್ದರೆ ಹಾಕಿ.

ಉಳಿದ ಆ್ಯಪ್‌ಗಳಿಗೆ ಒಂದು ಪರೀಕ್ಷೆ. ಲಾಗ್‌ಔಟ್ ಮಾಡಿ. ನಿಮ್ಮ ಹೆಸರಿನ ಮೇಲೆ ಒತ್ತಿದ ಮೇಲೆ ಬಲಗಡೆ ಕೆಳಗೆ ಹಲ್ಲಿನ ಚಕ್ರದ ಗುರುತು ಬರುತ್ತದೆ. ಅಲ್ಲಿ "ಉಬುಂಟು ಆನ್ ಎಕ್ಸ್‌ಆರ್ಗ್" ಆರಿಸಿ ಒಳಗೆ ಹೋಗಿ. ಎಕ್ಸ್‌ಆರ್ಗ್, ವೇಲ್ಯಾಂಡ್ ಎರಡೂ ಕಿಟಕಿಗಳನ್ನು ತೆರೆಯ ಮೇಲೆ ತೋರಿಸುವ ವ್ಯವಸ್ಥೆಗಳು, ಮೊದಲನೆಯದು ಹಳೆಯದು. ಅಲ್ಲಿ ಕನ್ನಡ ಬಂದು, ಮಾಮೂಲಿ ವೇಲ್ಯಾಂಡ್‌ನಲ್ಲಿ ಬಾರದಿದ್ದರೆ ಆ ಆ್ಯಪ್‌ಗೂ ವೇಲ್ಯಾಂಡ್‌ಗೂ ಆಗಿಬರುತ್ತಿಲ್ಲ. ಕ್ರೋಮ್ ಮತ್ತು ಅದರ ಮನೆತನದ ಆ್ಯಪ್‌ಗಳಲ್ಲಿ ಇದು ಜಾಸ್ತಿ. ಅವನ್ನು ಹೊಸ ಆವೃತ್ತಿಗೆ ತನ್ನಿ. ಅಲ್ಲಿಯವರೆಗೆ ಎಕ್ಸ್‌ಆರ್ಗ್‌ನಲ್ಲಿ ಕೆಲಸ ಮಾಡಬಹುದು. ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. 2025ರ ಅಕ್ಟೋಬರ್‌ನಲ್ಲಿ ಬಂದ 25.10ರಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ.

ಇನ್ನು ಕೆಲವರ ದೂರು ಬೇರೆ. "ತಾನಾಗಿಯೇ ಇಂಗ್ಲಿಷ್‌ಗೆ ಹೋಗುತ್ತದೆ" ಅನ್ನುತ್ತಾರೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಸೋರ್ಸ್ ಸ್ವಿಚಿಂಗ್ ಅಂತ ಇದೆ. ಎಲ್ಲ ಕಿಟಕಿಗೂ ಒಂದೇ ಭಾಷೆ ಅಥವಾ ಒಂದೊಂದು ಕಿಟಕಿಗೆ ಒಂದೊಂದು. ಎರಡನೆಯದು ಆಯ್ಕೆಯಾಗಿದ್ದರೆ ಕಿಟಕಿ ಬದಲಿಸಿದ ಕೂಡಲೇ ಭಾಷೆ ಬದಲಾಗುತ್ತದೆ. ಅದು ದೋಷವಲ್ಲ. ಹಾಗೆಯೇ ಆಲ್ಟ್ ಶಿಫ್ಟ್ ಒತ್ತಿ ಭಾಷೆ ಬದಲಿಸುವ ಅಭ್ಯಾಸ ಇದ್ದವರಿಗೆ ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ ಪಟ್ಟಿಯಲ್ಲಿ ಅದನ್ನು ಹಾಕಲಾಗುವುದಿಲ್ಲ. ಗ್ನೋಮ್ ಟ್ವೀಕ್ಸ್ ಹಾಕಿಕೊಂಡು, ಕೀಬೋರ್ಡ್‌ನಲ್ಲಿ ಅಡಿಷನಲ್ ಲೇಔಟ್ ಆಪ್ಷನ್ಸ್‌ಗೆ ಹೋಗಿ ಆರಿಸಬೇಕು.

ಹಂತ 7: ಯಾವುದೂ ಆಗಲಿಲ್ಲ ಅಂದರೆ

ಹೊಸ ಬಳಕೆದಾರನನ್ನು ಸೃಷ್ಟಿಸಿ. ಸೆಟ್ಟಿಂಗ್ಸ್, ಸಿಸ್ಟಂ, ಯೂಸರ್ಸ್. ಹೆಸರಿಗೆ "ಪರೀಕ್ಷೆ" ಅಂತ ಇಂಗ್ಲಿಷಿನಲ್ಲಿ ಏನಾದರೂ ಕೊಡಿ. ಆ ಖಾತೆಗೆ ಲಾಗಿನ್ ಆಗಿ ಕೆಜಿಪಿ ಸೇರಿಸಿ ಐದು ಕೀಲಿ ಒತ್ತಿ ನೋಡಿ. ನಿಜ ಹೇಳಬೇಕೆಂದರೆ ಇದನ್ನೇ ಮೊದಲು ಮಾಡಿದರೂ ತಪ್ಪಿಲ್ಲ. ಹತ್ತು ನಿಮಿಷದಲ್ಲಿ ಅರ್ಧ ಅನುಮಾನ ಕಳೆಯುತ್ತದೆ. ಅಲ್ಲಿಯೂ ಬಾರದಿದ್ದರೆ ತೊಂದರೆ ಸಿಸ್ಟಂನಲ್ಲಿದೆ, ಹಂತ 4ನ್ನು ಮತ್ತೆ ನೋಡಿ. ಅಲ್ಲಿ ಬಂದರೆ ತೊಂದರೆ ನಿಮ್ಮ ಖಾತೆಯ ಹಳೆಯ ಸೆಟ್ಟಿಂಗ್‌ಗಳಲ್ಲಿದೆ.

ಖಾತೆಯದ್ದಾದರೆ ಡಿಕಾನ್ಫ್ ಎಡಿಟರ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಇನ್‌ಪುಟ್-ಸೋರ್ಸಸ್ ಹೀಗೆ ಒಳಗೆ ಹೋಗಿ. ಸೋರ್ಸಸ್ ಅನ್ನುವ ಸಾಲಿನಲ್ಲಿ ಜೋಡಿ ಜೋಡಿಯಾಗಿ ಬರೆದಿರುತ್ತದೆ: ಎಕ್ಸ್‌ಕೆಬಿ ಜೊತೆ ಯುಎಸ್, ಐಬಸ್ ಜೊತೆ ಎಂ17ಎನ್:ಕೆಎನ್:ಕೆಜಿಪಿ. ಈಗಿನ ಸಿಸ್ಟಂನಲ್ಲಿ ಇಲ್ಲದ ಎಂಜಿನ್ನಿನ ಹೆಸರು ಅಲ್ಲಿ ಉಳಿದುಕೊಂಡಿರಬಹುದು. ಆ ಸಾಲು ತೆರೆದು ಡೀಫಾಲ್ಟ್ ಮೌಲ್ಯಕ್ಕೆ ತಿರುಗಿಸಿ. ಎಕ್ಸ್‌ಕೆಬಿ-ಆಪ್ಷನ್ಸ್ ಅನ್ನುವ ಸಾಲನ್ನೂ ನೋಡಿ, ಹಳೆಯ ಕಸ ಇದ್ದರೆ ಅದನ್ನೂ ಡೀಫಾಲ್ಟ್‌ಗೆ ತನ್ನಿ. ಲಾಗ್‌ಔಟ್ ಮಾಡಿ ಬಂದು ಸೆಟ್ಟಿಂಗ್ಸ್‌ನಿಂದಲೇ ಕನ್ನಡ ಹೊಸದಾಗಿ ಸೇರಿಸಿ. ಪರೀಕ್ಷೆಯ ಖಾತೆಯನ್ನು ಆಮೇಲೆ ತೆಗೆದುಹಾಕಿ.

ಎಲ್ಲ ಸರಿಯಾದ ಮೇಲೆ ಇನ್‌ಪುಟ್ ಸೋರ್ಸಸ್ ಪಟ್ಟಿಯದ್ದೊಂದು ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದಿನ ಅಪ್‌ಗ್ರೇಡ್ ಹೊತ್ತಿಗೆ ಯಾವ ಕನ್ನಡ ಇತ್ತು ಅಂತ ನೆನಪಿರುವುದಿಲ್ಲ.

ಚಿಕ್ಕಪ್ಪನದ್ದು ಹಂತ 4ಕ್ಕೇ ಮುಗಿಯಿತು. ಎಂ17ಎನ್ ಹಾಕಿ, ಲಾಗಿನ್ ಆಗಿ, ಕೆಜಿಪಿ ಸೇರಿಸಿದರು. ಕೆ, ಎನ್, ಎಫ್, ಎನ್, ಡಬ್ಲ್ಯೂ. "ಬಂತು" ಅಂದರು. ನಾನು ಫೋನ್ ಇಡಬೇಕು ಅನ್ನುವಷ್ಟರಲ್ಲಿ ಇನ್ನೊಂದು ತಕರಾರು. ಅಡಿಕೆ ಲೆಕ್ಕ ಬರೆಯುವಾಗ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ರೂಪಾಯಿ ಗುರುತು ಬರುತ್ತಿತ್ತಂತೆ, ಈಗ ಬರೀ 4 ಬರುತ್ತಿದೆ.

ಅದಕ್ಕೆ ಕಾರಣ ಅವರ ಪಟ್ಟಿಯಲ್ಲಿ ಉಳಿದಿದ್ದ ಬರೀ ಯುಎಸ್ ಇಂಗ್ಲಿಷ್. ಪ್ಲಸ್ ಒತ್ತಿಸಿ, "ಇಂಗ್ಲಿಷ್, ಇಂಡಿಯಾ, ವಿತ್ ರುಪೀ" ಅನ್ನುವುದನ್ನು ಸೇರಿಸಿ ಪಟ್ಟಿಯಲ್ಲಿ ಮೇಲಕ್ಕೆ ಎಳೆಯಲು ಹೇಳಿದೆ. ಉಳಿದ ಕೀಲಿಗಳೆಲ್ಲ ಅದರಲ್ಲೂ ಯುಎಸ್ ಹಾಗೇ ಇವೆ. ಆಮೇಲೆ ಬಲಗಡೆಯ ಆಲ್ಟ್ ಮತ್ತು 4.

₹.